ಪಾಠದ ವಿಡಿಯೋ ಇಳಿಸಿಕೊಳ್ಳಲು ಯಾವ ತಂತ್ರಾಂಶ? ಅದನ್ನು ನೋಡುವ ಲ್ಯಾಪ್‌ಟಾಪನ್ನು ಮೊದಲು ಗಮನಿಸಿ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಊರು ಶಿರಸಿಯಿಂದ ಒಳಗೆ, ಮಳೆ ಹಿಡಿದರೆ ನೆಟ್‌ವರ್ಕ್ ಇಲ್ಲ. ಮಗಳು ದ್ವಿತೀಯ ಪಿಯುಸಿ. ವಾರಕ್ಕೊಮ್ಮೆ ಪೇಟೆಯ ತಂಗಿಯ ಮನೆಗೆ ಹೋದಾಗ ಅಲ್ಲಿನ ವೈಫೈಯಲ್ಲಿ ಭೌತಶಾಸ್ತ್ರ ಮತ್ತು ಗಣಿತದ ಪಾಠಗಳನ್ನು ಹಳೆಯ ವಿಂಡೋಸ್ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬರಬೇಕು. ಅದಕ್ಕೆ ಒಳ್ಳೆಯ ಉಚಿತ ತಂತ್ರಾಂಶ ಯಾವುದು ಎಂದು ಕೇಳಿದ್ದೀರಿ.

ನಾನು ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲೂ ಇದೇ ಪಾಡು. ಎಷ್ಟೋ ವರ್ಷಗಳಿಂದ ಶನಿವಾರ ಪೇಟೆಯಲ್ಲಿ ವಿಡಿಯೋ ಇಳಿಸಿಕೊಂಡು ಸೋಮವಾರ ತರಗತಿಯಲ್ಲಿ ತೋರಿಸುತ್ತಿದ್ದೇನೆ. ಆ ಅನುಭವದಿಂದ ನೇರವಾಗಿ ಹೇಳುವುದಾದರೆ, ಇಳಿಸಲು ವೈಟಿ-ಡಿಎಲ್‌ಪಿ (yt-dlp), ನೋಡಲು ವಿಎಲ್‌ಸಿ (VLC). ಆಜ್ಞೆಗಳನ್ನು ಬರೆಯುವುದು ಕಷ್ಟವೆನಿಸಿದರೆ ವೈಟಿ-ಡಿಎಲ್‌ಪಿಯನ್ನೇ ಒಳಗಿಟ್ಟುಕೊಂಡು ಗುಂಡಿಗಳಿರುವ ಕಿಟಕಿ ಕೊಡುವ ಪ್ಯಾರಾಬೋಲಿಕ್ ಇದೆ. ಮೂರೂ ಉಚಿತ, ಮೂರೂ ಮುಕ್ತ ತಂತ್ರಾಂಶ.

ಆದರೆ ಹೆಸರು ತಿಳಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಮೊದಲ ವರ್ಷ ನಾನು ಬೆಳಕಿನ ವಕ್ರೀಭವನದ ಒಂದು ಸೊಗಸಾದ ಪ್ರಯೋಗದ ವಿಡಿಯೋವನ್ನು ಅತ್ಯುತ್ತಮ ಗುಣಮಟ್ಟದಲ್ಲಿ ಇಳಿಸಿಕೊಂಡು ಹೋಗಿದ್ದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡಿತ್ತು. ಪೆನ್‌ಡ್ರೈವ್ ಅನ್ನು ಶಾಲೆಯ ಟಿವಿಗೆ ಸಿಕ್ಕಿಸಿದರೆ ಧ್ವನಿ ಬಂತು, ಚಿತ್ರ ಬರಲಿಲ್ಲ. ಮಕ್ಕಳು ಕಪ್ಪು ಪರದೆಯನ್ನು ನೋಡುತ್ತಾ ಪ್ರಯೋಗದ ವಿವರಣೆಯನ್ನು ಕೇಳಿಸಿಕೊಂಡರು. ಪಟ್ಟಕ ಹೇಗಿರುತ್ತದೆ ಎಂದು ಆ ದಿನ ಹಲಗೆಯ ಮೇಲೆ ಬಿಡಿಸಿ ತೋರಿಸಬೇಕಾಯಿತು. ಇಳಿಸುವ ತಂತ್ರಾಂಶದ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಆ ಟಿವಿಗೆ ಅರ್ಥವಾಗದ ಕೋಡೆಕ್‌ನಲ್ಲಿ ನಾನು ವಿಡಿಯೋ ತಂದಿದ್ದೆ. ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ವಿಚಾರಿಸುವುದು ಆ ವಿಡಿಯೋ ಕೊನೆಗೆ ಯಾವ ಯಂತ್ರದಲ್ಲಿ ಓಡಬೇಕು ಎಂಬುದನ್ನು. ಇಳಿಸುವ ಸಾಧನದ ಆಯ್ಕೆ ಅಲ್ಲಿಂದ ಹಿಂದಕ್ಕೆ ಬರಬೇಕು.

ಕೋಡೆಕ್ ಎಂದರೆ ಚಿತ್ರವನ್ನು ಒತ್ತಿ ಚಿಕ್ಕದಾಗಿಸಿ, ನೋಡುವಾಗ ಮತ್ತೆ ಬಿಚ್ಚುವ ವಿಧಾನ. ಯೂಟ್ಯೂಬಿನಂತಹ ತಾಣಗಳಲ್ಲಿ ಒಂದೇ ವಿಡಿಯೋ ಎಚ್.264, ವಿಪಿ9, ಎವಿ1 ಎಂಬ ರೂಪಗಳಲ್ಲಿ ಇರುತ್ತದೆ. ಎಚ್.264 ಹಳೆಯದು, ಬಹುತೇಕ ಎಲ್ಲ ಯಂತ್ರಗಳಿಗೂ ಗೊತ್ತು. 2018ರಲ್ಲಿ ಬಂದ ಎವಿ1 ಅದೇ ಚಿತ್ರವನ್ನು ಇನ್ನೂ ಕಡಿಮೆ ಜಾಗದಲ್ಲಿ ಇಡುತ್ತದೆ, ಆದರೆ ಅದನ್ನು ಬಿಚ್ಚಲು ಶ್ರಮ ಹೆಚ್ಚು. ಇಂಟೆಲ್ ಪ್ರೊಸೆಸರ್‌ಗಳಲ್ಲಿ 11ನೇ ತಲೆಮಾರಿನಿಂದ ಈಚಿನವಕ್ಕೆ ಮಾತ್ರ ಎವಿ1 ಬಿಚ್ಚುವ ಪ್ರತ್ಯೇಕ ಯಂತ್ರಾಂಶ ಇದೆ. ಅದಕ್ಕಿಂತ ಹಳೆಯ ಲ್ಯಾಪ್‌ಟಾಪಿನಲ್ಲಿ ಇಡೀ ಕೆಲಸ ಪ್ರೊಸೆಸರ್ ಮೇಲೆ ಬಿದ್ದು, ಫ್ಯಾನು ಗಿರ್ರೆಂದು ತಿರುಗಿ, ಚಿತ್ರ ತಡೆತಡೆದು ಬರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ವಿದ್ಯುತ್ ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.

ಇಲ್ಲೇ ಒಂದು ಸೂಕ್ಷ್ಮವಿದೆ. ನಾವೇನೂ ಹೇಳದೆ ಬಿಟ್ಟರೆ ವೈಟಿ-ಡಿಎಲ್‌ಪಿ ಸಿಗುವುದರಲ್ಲಿ ಅತಿ ದೊಡ್ಡ ಚಿತ್ರವನ್ನೂ ಹೊಸ ಕೋಡೆಕ್ ಅನ್ನೂ ಆರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಅದು ಬೇಡ. ಎಚ್.264 ರೂಪ, ಚಿತ್ರದ ಎತ್ತರ 480 ಅಥವಾ 720 ಪಿಕ್ಸೆಲ್, ಫೈಲು ಎಂಪಿ4 ಎಂದು ಒಮ್ಮೆ ಅದರ ಕಾನ್ಫಿಗ್ ಫೈಲಿನಲ್ಲಿ, ಅಂದರೆ ನಮ್ಮ ಆಯ್ಕೆಗಳನ್ನು ಇಡುವ ಫೈಲಿನಲ್ಲಿ, ಬರೆದಿಟ್ಟರೆ ಮುಂದೆ ಪ್ರತಿ ಸಲ ಹೇಳಬೇಕಾಗಿಲ್ಲ. ಪ್ಯಾರಾಬೋಲಿಕ್‌ನ ಸೆಟ್ಟಿಂಗ್ಸ್‌ನಲ್ಲೂ ಈ ಆಯ್ಕೆ ಇದೆ. ಕಪ್ಪುಹಲಗೆಯ ಮೇಲೆ ಬರೆದು ಕಲಿಸುವ ಪಾಠಕ್ಕೆ 480 ಧಾರಾಳವಾಗಿ ಸಾಕು. ಅಕ್ಷರ ತೀರ ಸಣ್ಣದಾದರೆ ಮಾತ್ರ 720ಕ್ಕೆ ಹೋಗಿ.

ಗಾತ್ರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಿತ್ರ ದೊಡ್ಡದಾದಷ್ಟೂ ಸೆಕೆಂಡಿಗೆ ಹೆಚ್ಚು ಮೆಗಾಬಿಟ್ ಬೇಕು. ಸೆಕೆಂಡಿಗೆ 2 ಮೆಗಾಬಿಟ್ ಇರುವ ವಿಡಿಯೋ ಒಂದು ಗಂಟೆಗೆ ಸುಮಾರು 900 ಎಂಬಿ ಆಗುತ್ತದೆ. ಸೆಕೆಂಡಿಗೆ 0.7 ಮೆಗಾಬಿಟ್ ಇದ್ದರೆ ಸುಮಾರು 315 ಎಂಬಿ. ವಾರಕ್ಕೆ ಹತ್ತು ಗಂಟೆಯ ಪಾಠ ಎಂದುಕೊಂಡರೆ 9 ಜಿಬಿಗೂ 3 ಜಿಬಿಗೂ ಇರುವ ಅಂತರ ಅದು. ತಂಗಿಯ ಮನೆಯ ವೈಫೈ ಹೊಸ ಫೈಬರ್ ಆಗಿದ್ದರೆ ಚಿಂತೆಯಿಲ್ಲ. ಮೊಬೈಲಿನ ದಿನಕ್ಕೆ 2 ಜಿಬಿ ಪ್ಯಾಕಿನಿಂದ ಹಂಚಿಕೊಂಡ ಇಂಟರ್ನೆಟ್ ಆಗಿದ್ದರೆ ಈ ಲೆಕ್ಕವೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಇನ್ನೊಂದು ವಿಷಯ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ದೊಡ್ಡ ತಾಣಗಳು ವಿಡಿಯೋವನ್ನು ಸಾಮಾನ್ಯವಾಗಿ ಒಂದೇ ಫೈಲಾಗಿ ಕೊಡುವುದಿಲ್ಲ. ಚಿತ್ರ ಒಂದು ಹರಿವು, ಧ್ವನಿ ಇನ್ನೊಂದು ಹರಿವು. ನೆಟ್‌ವರ್ಕ್ ಏರಿಳಿದಂತೆ ಚಿತ್ರದ ಗುಣಮಟ್ಟವನ್ನು ಮಾತ್ರ ಬದಲಿಸಲು ಈ ಏರ್ಪಾಡು. ಇಳಿಸುವ ತಂತ್ರಾಂಶ ಎರಡನ್ನೂ ತಂದು ಹೊಲಿಯಬೇಕು. ವೈಟಿ-ಡಿಎಲ್‌ಪಿ ಈ ಹೊಲಿಗೆಯನ್ನು ಎಫ್‌ಎಫ್‌ಎಂಪೆಗ್ (ffmpeg) ಎಂಬ ಇನ್ನೊಂದು ಉಚಿತ ಸಾಧನದಿಂದ ಮಾಡಿಸುತ್ತದೆ, ಅದನ್ನೂ ಜೊತೆಗೆ ಹಾಕಿಕೊಳ್ಳಬೇಕು. ಹೊಲಿಯುವುದಕ್ಕೆ ಕೆಲವೇ ಸೆಕೆಂಡು ಸಾಕು, ಗುಣಮಟ್ಟ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಇದಕ್ಕೆ ಬದಲಾಗಿ ಚಿತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಒತ್ತುವ ತಂತ್ರಾಂಶಗಳಿವೆ. ಗಂಟೆಯ ಪಾಠಕ್ಕೆ ಹಳೆಯ ಲ್ಯಾಪ್‌ಟಾಪ್ ಗಂಟೆಗಟ್ಟಲೆ ಉರಿಯುತ್ತದೆ, ಕೊನೆಗೆ ಸಿಗುವ ಚಿತ್ರವೂ ಮಸುಕು. ತಂತ್ರಾಂಶ "ಕನ್ವರ್ಟ್ ಆಗುತ್ತಿದೆ" ಎಂದು ಬಹಳ ಹೊತ್ತು ತೋರಿಸಿದರೆ ನೀವು ಆರಿಸಿದ ರೂಪ ಸರಿಯಿಲ್ಲ ಎಂದೇ ತಿಳಿಯಿರಿ.

ವೈಟಿ-ಡಿಎಲ್‌ಪಿಯನ್ನೇ ಏಕೆ ಹೇಳುತ್ತಿದ್ದೇನೆ ಎಂದರೆ ಅದರ ಹಿಂದೆ ಇರುವ ಕೈಗಳ ಸಂಖ್ಯೆಗಾಗಿ. ಇದರ ಮೂಲ 2006ರಲ್ಲಿ ಆರಂಭವಾದ ಯೂಟ್ಯೂಬ್-ಡಿಎಲ್. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಕೊಟ್ಟ ನೋಟಿಸಿನ ಮೇಲೆ ತಂತ್ರಾಂಶಗಳನ್ನು ಬರೆಯುವವರು ತಮ್ಮ ಕೆಲಸ ಇಡುವ ಗಿಟ್‌ಹಬ್ ತಾಣ ಅದನ್ನು ತೆಗೆದುಹಾಕಿ, ನವೆಂಬರ್‌ನಲ್ಲಿ ಮತ್ತೆ ಹಾಕಿತು. ಆಮೇಲೆ ಮೂಲ ಯೋಜನೆ ನಿಧಾನವಾದಾಗ 2021ರಲ್ಲಿ ಕವಲೊಡೆದು ಬಂದದ್ದು ವೈಟಿ-ಡಿಎಲ್‌ಪಿ. ತಾಣಗಳು ತಮ್ಮ ಒಳಗಿನ ವ್ಯವಸ್ಥೆಯನ್ನು ಆಗಾಗ ಬದಲಿಸುತ್ತವೆ, ಬದಲಿಸಿದ ದಿನ ಇಳಿಸುವ ತಂತ್ರಾಂಶಗಳು ನಿಲ್ಲುತ್ತವೆ. ಹೀಗಾಗಿ ಎಷ್ಟು ಸೌಲಭ್ಯವಿದೆ ಎನ್ನುವುದಕ್ಕಿಂತ ಕೊನೆಯ ಬಾರಿ ಯಾವಾಗ ಸರಿಪಡಿಸಿದರು ಎನ್ನುವುದು ಮುಖ್ಯ. ವೈಟಿ-ಡಿಎಲ್‌ಪಿಯ ಆವೃತ್ತಿಯ ಸಂಖ್ಯೆಯೇ ಅದು ಹೊರಬಂದ ದಿನಾಂಕ, ನೋಡಿದ ಕೂಡಲೇ ಗೊತ್ತಾಗುತ್ತದೆ. ಪೇಟೆ ಮುಟ್ಟಿದ ತಕ್ಷಣ ಮೊದಲ ಕೆಲಸವಾಗಿ ಅದನ್ನು ಅಪ್‌ಡೇಟ್ ಮಾಡಿ. 2025ರ ಕೊನೆಯಿಂದ ಯೂಟ್ಯೂಬ್ ತಾಣಕ್ಕೆ ಅದು ಪೂರ್ತಿಯಾಗಿ ಕೆಲಸ ಮಾಡಲು ಡಿನೋದಂತಹ (Deno) ಜಾವಾಸ್ಕ್ರಿಪ್ಟ್ ಓಡಿಸುವ ಸಾಧನವೂ ಬೇಕು. ಹಳೆಯ ಮಾರ್ಗದರ್ಶಿ ವಿಡಿಯೋಗಳನ್ನು ನೋಡಿಕೊಂಡು ಹಾಕಿಕೊಳ್ಳುವವರು ಎಡವುವುದು ಇಲ್ಲೇ.

ನಮ್ಮಂಥವರಿಗೆ ಅದರಲ್ಲಿ ಎರಡು ಅನುಕೂಲಗಳಿವೆ. ಅರ್ಧ ಇಳಿದಾಗ ಕರೆಂಟು ಹೋದರೆ ಮತ್ತೆ ಬಂದಾಗ ಸಾಮಾನ್ಯವಾಗಿ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಈಗಾಗಲೇ ಇಳಿಸಿದ ಪಾಠಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ವಾರ ಅದೇ ಸರಣಿಯ ವಿಳಾಸ ಕೊಟ್ಟರೆ ಹೊಸ ಪಾಠಗಳನ್ನಷ್ಟೇ ತರುತ್ತದೆ. ಈ ಎರಡನೆಯದು ನನ್ನ ಎಷ್ಟು ಶನಿವಾರಗಳನ್ನು ಉಳಿಸಿದೆ ಎಂದು ಹೇಳಲಾರೆ.

ಈಗ ಹಕ್ಕಿನ ಮಾತು. ನೀವು ಕೇಳಿಲ್ಲ, ಆದರೂ ಮೇಷ್ಟ್ರಾಗಿ ನಾನು ಇದನ್ನು ಬಿಟ್ಟು ಮುಂದೆ ಹೋಗಲಾರೆ. ತನ್ನದೇ ಡೌನ್‌ಲೋಡ್ ಗುಂಡಿ ಅಥವಾ ಲಿಖಿತ ಅನುಮತಿ ಇಲ್ಲದೆ ಇಳಿಸಿಕೊಳ್ಳುವುದನ್ನು ಯೂಟ್ಯೂಬಿನ ನಿಯಮಗಳು ಒಪ್ಪುವುದಿಲ್ಲ. ವಿಡಿಯೋದ ಕೆಳಗೆ ಕ್ರಿಯೇಟಿವ್ ಕಾಮನ್ಸ್ (ಇತರರು ಬಳಸಲು ಬಿಡುವ ಪರವಾನಗಿ) ಎಂದಿದ್ದರೆ ಮಾಡಿದವರ ಒಪ್ಪಿಗೆ ಸಿಕ್ಕಂತೆ, ತಾಣದ ನಿಯಮ ಆಗಲೂ ಬೇರೆಯೇ. ಆದ್ದರಿಂದ ಅದೇ ಪಾಠ ಬೇರೆ ಕಡೆ ನೇರವಾಗಿ ಸಿಗುತ್ತದೆಯೇ ಎಂದು ಮೊದಲು ಹುಡುಕಿ. ಅನೇಕ ಸಲ ಸಿಗುತ್ತದೆ, ಆಗ ಯಾವ ತಂತ್ರಾಂಶವೂ ಬೇಕಾಗುವುದಿಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್ ತನ್ನ ತಾಣದಲ್ಲೇ ಉಪನ್ಯಾಸಗಳನ್ನು ಇಳಿಸಿಕೊಳ್ಳಲು ಬಿಡುತ್ತದೆ. ಪಿಯುಸಿಗೆ ಅದು ಸ್ವಲ್ಪ ಮೇಲಿನ ಮಟ್ಟ, ಮಗಳು ಎಂಜಿನಿಯರಿಂಗ್‌ಗೆ ಹೋದರೆ ನೆನಪಿಟ್ಟುಕೊಳ್ಳಿ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಶಾಲಾ ಪಠ್ಯದ ಸಾಮಗ್ರಿಯನ್ನು ಉಳಿಸಿಕೊಂಡು ಇಂಟರ್ನೆಟ್ ಇಲ್ಲದೆ ನೋಡಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಕಂಪ್ಯೂಟರ್ ಕಲಿಯುವವರಿಗೆ ಕನ್ನಡದಲ್ಲೂ ಇದೆ. ನನ್ನ ವಿದ್ಯಾರ್ಥಿಗಳು ಲಿಬ್ರೆ ಆಫೀಸ್ ಕಲಿತದ್ದು ಅದರಿಂದಲೇ.

ಇಂಟರ್ನೆಟ್ಟೇ ಬೇಡದ ದಾರಿಯೂ ಒಂದಿದೆ. ಪಿಯುಸಿ ಮಟ್ಟದ ವಿಜ್ಞಾನ ಮತ್ತು ಗಣಿತವನ್ನು ಐಐಟಿ ಪ್ರಾಧ್ಯಾಪಕರು ಕಲಿಸುವ ಪಾಠಗಳು ಕೇಂದ್ರ ಸರ್ಕಾರದ ಸ್ವಯಂ ಪ್ರಭಾ ಶಿಕ್ಷಣ ವಾಹಿನಿಗಳಲ್ಲಿ ಉಪಗ್ರಹದ ಮೂಲಕ ಬರುತ್ತವೆ. ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದ್ದರೆ ಮೊದಲು ಅದರಲ್ಲಿ ಆ ವಾಹಿನಿಗಳನ್ನು ಹುಡುಕಿ ನೋಡಿ.

ಹಣ ಕೊಟ್ಟು ನೋಡುವ ಸಿನಿಮಾ ವೇದಿಕೆಗಳ ವಿಡಿಯೋಗಳು ಬೀಗ ಹಾಕಿದ ರೂಪದಲ್ಲಿ ಬರುತ್ತವೆ. ಆ ಬೀಗ ಒಡೆಯುತ್ತೇವೆ ಎನ್ನುವ ತಂತ್ರಾಂಶಗಳ ಹತ್ತಿರ ಹೋಗಬೇಡಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ವಿಧಿಯ ಪ್ರಕಾರ, ಕೃತಿಯ ಹಕ್ಕನ್ನು ಉಲ್ಲಂಘಿಸಲು ಅಂತಹ ರಕ್ಷಣೆಯನ್ನು ಮುರಿದರೆ ಎರಡು ವರ್ಷಗಳವರೆಗೆ ಸೆರೆವಾಸವಿದೆ.

ಉಚಿತ ಎಂದು ಹುಡುಕಿದಾಗ ಮೇಲೆ ಬರುವ ಜಾಹೀರಾತು ಕೊಂಡಿಗಳಿಂದ ಏನನ್ನೂ ಹಾಕಿಕೊಳ್ಳಬೇಡಿ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಯಾರೋ ಹಾಗೆ ಒಂದನ್ನು ಹಾಕಿದ್ದರು. ವಿಡಿಯೋ ಇಳಿಯಿತು, ಜೊತೆಗೆ ಬ್ರೌಸರಿನ ಮೊದಲ ಪುಟ ಬದಲಾಯಿತು, ಮಕ್ಕಳ ಮುಂದೆ ತೋರಿಸಬಾರದ ಜಾಹೀರಾತುಗಳು ತೆರೆದುಕೊಳ್ಳತೊಡಗಿದವು. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿಸಬೇಕಾಯಿತು, ಎರಡು ವರ್ಷಗಳ ಪ್ರಶ್ನೆಪತ್ರಿಕೆಗಳು ಹೋದವು. ದುಡ್ಡಿನ ತಂತ್ರಾಂಶದ ಕೀಲಿ ಮುರಿದ ಪ್ರತಿಗಳು ಇದಕ್ಕಿಂತ ಅಪಾಯ. ವೈಟಿ-ಡಿಎಲ್‌ಪಿಯನ್ನು ಅದರ ಗಿಟ್‌ಹಬ್ ಪುಟದಿಂದಲೇ ತೆಗೆದುಕೊಳ್ಳಿ. ಸಂಶಯ ಬಂದ ಯಾವುದೇ ಫೈಲನ್ನು ವೈರಸ್‌ಟೋಟಲ್ ತಾಣಕ್ಕೆ ಹಾಕಿದರೆ ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸುತ್ತವೆ.

ಪೆನ್‌ಡ್ರೈವ್ ಬಳಸುವುದಾದರೆ ಅದು ಫ್ಯಾಟ್32 ರೂಪದಲ್ಲಿದೆಯೇ ನೋಡಿ. ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲು ಹಿಡಿಯುವುದಿಲ್ಲ. 480ರ ಪಾಠಗಳಿಗೆ ಈ ತೊಂದರೆ ಬರುವುದಿಲ್ಲ.

ತಂಗಿಯ ಮನೆಯಿಂದ ಹೊರಡುವ ಮುಂಚೆ ಹತ್ತು ನಿಮಿಷ ಇಟ್ಟುಕೊಳ್ಳಿ. ವೈಫೈ ಆರಿಸಿ, ಇಳಿಸಿದ ಪ್ರತಿ ಪಾಠವನ್ನೂ ಮಗಳು ನೋಡುವ ಅದೇ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ. ನಡುವಿಗೆ ಒಮ್ಮೆ, ಕೊನೆಗೆ ಒಮ್ಮೆ ಹಾರಿ, ಚಿತ್ರವೂ ಧ್ವನಿಯೂ ಇದೆಯೇ ನೋಡಿ. ಇದನ್ನು ಮಾಡಿದ ಮೇಲೆ ನಾನು ಒಂದು ಸೋಮವಾರವೂ ಖಾಲಿ ಪರದೆ ತೋರಿಸಿಲ್ಲ. ಲ್ಯಾಪ್‌ಟಾಪಿನ ಮಾದರಿ ಮತ್ತು ವಿಂಡೋಸ್ ಯಾವುದು ಎಂದು ಕೆಳಗೆ ಬರೆಯಿರಿ, ಅದಕ್ಕೆ ಹೊಂದುವ ಕಾನ್ಫಿಗ್ ಫೈಲನ್ನು ನಾನೇ ಬರೆದುಕೊಡುತ್ತೇನೆ.