15 ದಿನದ ಚಾರಣಕ್ಕೆ 65 ಲೀಟರಿನ ಚೀಲ ಸಾಕೇ, 80 ಲೀಟರಿನದು ಬೇಕೇ?

ಎರಡೂ ಬೇಡ. ಚೀಲವನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಿ. "ಜಾಗ ಮಿಕ್ಕರೆ ಮಿಗಲಿ, ಸಾಲದೆ ಬರಬಾರದು" ಎಂದು ಬರೆದಿದ್ದೀರಿ. ಹೆಚ್ಚುಕಡಿಮೆ ಇದೇ ಮಾತನ್ನು ಅಂಗಡಿಯಲ್ಲಿ ಹೇಳಿ ನಾನೂ 80 ಲೀಟರಿನ ಚೀಲವನ್ನು ಮನೆಗೆ ತಂದಿದ್ದೆ, ಅದೂ ಹೊರಡುವುದಕ್ಕೆ ಎರಡು ತಿಂಗಳು ಮೊದಲೇ. ಕೂಸು ಹುಟ್ಟುವ ಮುನ್ನ ಕುಲಾವಿ.

ಆ ಎರಡು ತಿಂಗಳೂ ಅದು ಕೋಣೆಯ ಮೂಲೆಯಲ್ಲಿ ಬಾಯಿ ತೆರೆದು ನಿಂತಿತ್ತು. ಸಂಜೆಗೊಂದರಂತೆ ನಾನು ಅದರ ಬಾಯಿಗೆ ಏನಾದರೂ ಹಾಕುತ್ತಿದ್ದೆ. ಎರಡನೆಯ ಜೊತೆ ಬೂಟು, ಮೂರನೆಯ ಟಾರ್ಚು, ಇಡೀ ಬಾಟಲಿ ಶಾಂಪೂ, ಒಂದು ಕೈಗೊಡಲಿ. ಕೊಡಲಿ ಯಾಕೆ ಎಂದು ಇವತ್ತಿಗೂ ಕೇಳಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಹಾಸಿಗೆ ದೊಡ್ಡದಾದರೆ ಕಾಲು ತಾನಾಗಿಯೇ ಉದ್ದವಾಗುತ್ತದೆ. ಹೊರಡುವ ಹಿಂದಿನ ರಾತ್ರಿ ತೂಗಿದೆ: 24 ಕಿಲೋ. ಆಗ ನನ್ನ ತೂಕ 62. ತುಂಬಿದ ಚೀಲ ಮೈತೂಕದ ಐದನೆಯ ಒಂದು ಭಾಗವನ್ನು ಮೀರಬಾರದು ಎನ್ನುವ ರೂಢಿಯ ಲೆಕ್ಕ ನನಗೆ ಗೊತ್ತಿತ್ತು. ಅದು ಕೈಲಾಗದವರಿಗೆ ಹೇಳಿದ್ದು ಎಂದುಕೊಂಡೆ.

ಮೊದಲ ದಿನ ಹುರುಪಿನಲ್ಲಿ ಕಳೆಯಿತು. ಎರಡನೆಯ ದಿನ ಹೆಗಲು ಉರಿಯಿತು. ಮೂರನೆಯ ದಿನ ಸಂಜೆ ಟೆಂಟಿನ ಜಿಪ್ ಎಳೆಯಲು ಹೋದರೆ ಬಲಗೈಯ ಎರಡು ಬೆರಳುಗಳಿಗೆ ಅದು ಸಿಕ್ಕಿದ್ದೇ ತಿಳಿಯಲಿಲ್ಲ. ಕಣ್ಣಿನಿಂದ ನೋಡಿ ಹಿಡಿಯಬೇಕಾಯಿತು. ಜೋಮು ಎಂದುಕೊಂಡು ಉಜ್ಜಿದೆ. ಬೆಳಗಾದರೂ ಹಾಗೆಯೇ ಇತ್ತು. ನಾಲ್ಕನೆಯ ದಿನ ದಾರಿ ಡಾಂಬರು ರಸ್ತೆಗೆ ಕೂಡಿದಲ್ಲಿ ಚೀಲ ಇಳಿಸಿದವನು ಮತ್ತೆ ಏರಿಸಲಿಲ್ಲ. ಬೆರಳು ಸರಿಹೋಗಲು ಮೂರು ವಾರ ಹಿಡಿಯಿತು.

ತೂಕವೊಂದೇ ಕಾರಣವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ದೊಡ್ಡ ಚೀಲದ ಭಾರವನ್ನು ಹೊರಬೇಕಾದ್ದು ಸೊಂಟ, ಹೆಗಲಲ್ಲ. ಹೆಗಲಿನ ಪಟ್ಟಿ ಚೀಲ ಹಿಂದಕ್ಕೆ ವಾಲದಂತೆ ಹಿಡಿದುಕೊಂಡರೆ ಸಾಕು. ಸೊಂಟದ ಪಟ್ಟಿ ಎರಡೂ ಬದಿಯ ಮೂಳೆಗಳ ಮೇಲೆ ಕೂರಬೇಕು. ಹಾಗೆ ಕೂರಬೇಕಾದರೆ ಚೀಲದ ಚೌಕಟ್ಟಿನ ಉದ್ದ ನಿಮ್ಮ ಬೆನ್ನಿನ ಉದ್ದಕ್ಕೆ ಹೊಂದಬೇಕು. ಬೆನ್ನಿನ ಉದ್ದಕ್ಕೆ ಎಂದೆ, ಎತ್ತರಕ್ಕೆ ಅಲ್ಲ. ನಾನು ಎತ್ತರದ ಆಳು, ಆದರೆ ಉದ್ದವಿರುವುದೆಲ್ಲ ಕಾಲಿನಲ್ಲಿ, ಬೆನ್ನು ಗಿಡ್ಡ. ಅಂಗಡಿಯವರು ನನ್ನ ಎತ್ತರ ನೋಡಿ ಉದ್ದನೆಯ ಚೌಕಟ್ಟು ಕೊಟ್ಟರು, ನಾನು ಲೀಟರ್ ನೋಡಿ ಕೊಂಡೆ. ಪಟ್ಟಿಯನ್ನು ಸೊಂಟದಲ್ಲಿ ಸರಿಯಾಗಿ ಕಟ್ಟಿದರೆ ಹೆಗಲಿನ ಪಟ್ಟಿ ಹೆಗಲನ್ನು ಮುಟ್ಟದೆ ಮೇಲೆ ನಿಲ್ಲುತ್ತಿತ್ತು. ಹೆಗಲಿಗೆ ಬಿಗಿದರೆ ಸೊಂಟದ ಪಟ್ಟಿ ಕೆಳಗೆ ಜಾರುತ್ತಿತ್ತು. ಹೀಗಾಗಿ 24 ಕಿಲೋ ಪೂರ್ತಿ ಹೆಗಲಿಗೆ ನೇತುಬಿದ್ದು, ಅಲ್ಲಿಂದ ಕೈಗೆ ಇಳಿಯುವ ನರಗಳನ್ನು ಒತ್ತಿತು. ಅಂಗಡಿಯಲ್ಲಿ ಇದು ಗೊತ್ತಾಗಲಿಲ್ಲವೇ ಎಂದರೆ, ಇಲ್ಲ. ಹಾಕಿ ನೋಡಿದ್ದು ಖಾಲಿ ಚೀಲವನ್ನು. ಖಾಲಿ ಚೀಲ ಯಾರ ಬೆನ್ನಿಗೂ ಒಪ್ಪುತ್ತದೆ.

ಅಳೆಯುವುದು ಕಷ್ಟವಲ್ಲ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ. ಹೆಬ್ಬೆರಳು ಹಿಂದಕ್ಕೆ ಬರುವಂತೆ ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಿಟ್ಟುಕೊಳ್ಳಿ. ಕತ್ತಿನ ಮೂಳೆಯಿಂದ ಹೆಬ್ಬೆರಳುಗಳ ನಡುವಿನ ಗೆರೆಯವರೆಗೆ ಇನ್ನೊಬ್ಬರಿಂದ ಟೇಪು ಹಿಡಿಸಿ. ಆ ಸಂಖ್ಯೆಯನ್ನು ಹಿಡಿದು ಅಂಗಡಿಗೆ ಹೋಗಿ.

ಮರುವರ್ಷ ಅದೇ ದಾರಿಗೆ ಹೊರಟಾಗ ಚೀಲವೇ ಇರಲಿಲ್ಲ. ಬೇಕಾದುದನ್ನೆಲ್ಲ ಹಾಸಿಗೆಯ ಮೇಲೆ ಹರಡಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ, ರಟ್ಟಿನ ಪೆಟ್ಟಿಗೆಯೊಂದಕ್ಕೆ ತುಂಬಿ, ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಗುಣಿಸಿದೆ. 48 ಲೀಟರ್ ಬಂತು. ಅದೇ ಸಾಮಾನನ್ನು ಅಂಗಡಿಗೆ ಒಯ್ದು, ಅಲ್ಲಿನ ಚೀಲಗಳಿಗೆ ತುಂಬಿ, ಹೊತ್ತು, ಅರ್ಧ ಗಂಟೆ ಮೆಟ್ಟಿಲು ಹತ್ತಿಳಿದೆ. ಅಂಗಡಿಯವರು ಬೇಸರ ಪಟ್ಟುಕೊಂಡರು, ಪಟ್ಟುಕೊಳ್ಳಲಿ.

15 ದಿನ ಎಂದಾಕ್ಷಣ 15 ದಿನದ್ದನ್ನು ಹೊರಬೇಕಿಲ್ಲ. ಬಟ್ಟೆ ಮೂರು ದಿನಕ್ಕೆ ಎಷ್ಟೋ ಅಷ್ಟೇ: ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ, ಚಳಿಗೂ ಮಳೆಗೂ ಒಂದೊಂದು ಮೇಲಂಗಿ, ಕಾಲುಚೀಲ ಮಾತ್ರ ಹೆಚ್ಚಿಗೆ. ಹತ್ತಿಯದು ಬೇಡ, ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಹೀರುತ್ತದೆ. ಆಹಾರವನ್ನು ದಾರಿಯಲ್ಲಿ ಊರು ಸಿಗುವ ಕಡೆ ನಾಲ್ಕೈದು ದಿನಕ್ಕೊಮ್ಮೆ ತುಂಬಿಕೊಳ್ಳಿ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಹಾಗಾಗಿ ಹೊರುವ ತೂಕಕ್ಕೆ ಬೆಲೆ ಕೊಡುವುದು ಬಾದಾಮಿ, ಕಡಲೆಕಾಯಿಯಂಥ ಕೊಬ್ಬಿರುವ ಬೀಜಗಳೇ. ನೀರು ಲೀಟರಿಗೆ ಒಂದು ಕಿಲೋ, ಅದರಲ್ಲಿ ಚೌಕಾಸಿಯಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವವರನ್ನು ನೋಡಿದ್ದೇನೆ. ತೂಕ ಇರುವುದು ಟೆಂಟು, ಸ್ಲೀಪಿಂಗ್ ಬ್ಯಾಗು, ಹಾಸು ಮತ್ತು ಚೀಲದಲ್ಲಿ, ಬ್ರಷ್ಷಿನಲ್ಲಲ್ಲ.

ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬಾಕೆ 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ತಾನೇ ಹೊಲಿದ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ 3,000 ಕಿಲೋಮೀಟರಿಗೂ ಹೆಚ್ಚು ಉದ್ದದ, ಅಲ್ಲಿನ ಅಪಲೇಚಿಯನ್ ಚಾರಣ ಹಾದಿಯನ್ನು ಮುಗಿಸಿದಳು. ಹಾಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಆದರೆ ಆಕೆ ಲೀಟರ್ ಲೆಕ್ಕ ಹಾಕಿರಲಾರಳು.

ಬೂಟಿನ ವಿಷಯ ನೀವು ಕೇಳಿಲ್ಲ, ಆದರೂ: ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಉಬ್ಬಿರುತ್ತದೆ. ಹೊರಡುವ ಮುನ್ನ ಅದನ್ನು ಹಾಕಿಕೊಂಡು, ತುಂಬಿದ ಚೀಲ ಹೊತ್ತು, ಎರಡು ಮೂರು ವಾರ ನಡೆಯಿರಿ.

ಆ 80 ಲೀಟರಿನದು ಈಗ ಅಟ್ಟದ ಮೇಲಿದೆ. ಮನೆಯ ಕಂಬಳಿಗಳನ್ನೆಲ್ಲ ಅದರಲ್ಲಿ ತುಂಬಿಟ್ಟಿದ್ದೇವೆ. ಇನ್ನೂ ಜಾಗವಿದೆ.