ನಾಯಿ ಕಚ್ಚಿ ರಕ್ತ ಬಂದಿದೆ, ಲಸಿಕೆ ಶುರು ಮಾಡಿದ್ದೇನೆ. ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾ? ಎರಡರಲ್ಲಿ ಯಾವುದು ಒಳ್ಳೆಯದು?

ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ. ನಾಯಿ ಬೆರಳಿಗೆ ಆಳವಾಗಿ ಹಲ್ಲು ಊರಿತ್ತು. ತೋಳಿಗೆ ಲಸಿಕೆ ಕೊಟ್ಟರು. ಗಾಯದೊಳಗೇ ಇನ್ನೊಂದು ಇಂಜೆಕ್ಷನ್, ಅದೇ ಇಮ್ಯುನೊಗ್ಲಾಬ್ಯುಲಿನ್, ಕೊಡಬೇಕು ಅಂದಾಗ ಬೇಡ ಅಂದುಬಿಟ್ಟೆ. ಲಸಿಕೆ ಆಯ್ತಲ್ಲ, ಸಾಕು ಅಂತ ನನ್ನ ಲೆಕ್ಕ.

ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ. ಲಸಿಕೆಯಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಹಿಡಿದು ಹಾಕುವ ಆ್ಯಂಟಿಬಾಡಿಗಳು, ಇರುವುದಿಲ್ಲ. ಅವನ್ನು ತಯಾರಿಸುವುದನ್ನು ಅದು ದೇಹಕ್ಕೆ ಕಲಿಸುತ್ತದೆ, ಅಷ್ಟೆ. ದೇಹ ಕಲಿತು ತಯಾರಿಸಲು 7ರಿಂದ 14 ದಿನ ಬೇಕು. ಅಲ್ಲಿಯವರೆಗೆ ರೇಬೀಸ್ ವೈರಸ್ ಗಾಯದಲ್ಲೇ ಸುಮ್ನೆ ಕೂತಿರುತ್ತದೆ ಅಂತ ನಂಬುವ ಹಾಗಿಲ್ಲ. ಒಮ್ಮೆ ನರಕ್ಕೆ ಹತ್ತಿತೋ, ಆಮೇಲೆ ಅದನ್ನು ತಡೆಯುವುದು ತುಂಬಾ ಕಷ್ಟ. ಬೆರಳಲ್ಲಂತೂ ನರಗಳು ಜಾಸ್ತಿ. ನಾನು ಬೇಡ ಅಂದ ಇಂಜೆಕ್ಷನ್ನಿನಲ್ಲಿ ಇದ್ದದ್ದು ಬೇರೊಂದು ದೇಹ ತಯಾರಿಸಿಟ್ಟ ಸಿದ್ಧ ಪ್ರತಿಕಾಯಗಳು. ಗಾಯಕ್ಕೆ ಬಿಟ್ಟ ಕೂಡಲೇ ವೈರಸ್ಸನ್ನು ಅಲ್ಲೇ ಹಿಡಿದು ಹಾಕುತ್ತವೆ. ಅತಿ ಮುಖ್ಯವಾದ ಆ ಮೊದಲ ದಿನಗಳಲ್ಲೇ ನಾನು ಕಾವಲಿಲ್ಲದೆ ಕೂತಿದ್ದೆ.

ಮುಂದಿನ ಡೋಸಿಗೆ ಹೋದಾಗ ಬೇರೆ ಡಾಕ್ಟರ್ ಇದ್ದರು. ಚೀಟಿ ನೋಡಿ, "ಇದನ್ನ ಯಾಕೆ ಬಿಟ್ರಿ?" ಅಂದರು. ಅವತ್ತೇ ಕೊಟ್ಟರು, ಅರ್ಧ ಒಣಗಿದ ಗಾಯದ ಸುತ್ತ. ಬೆರಳಲ್ಲಿ ಔಷಧಿ ಹಿಡಿಸುವಷ್ಟು ಜಾಗ ಎಲ್ಲಿರುತ್ತೆ? ಚರ್ಮ ಬಿಗಿದು ಬಿಳಿಚಿಕೊಂಡಿತು. ಅವರು ಚೂರು ಚೂರೇ ಬಿಡುತ್ತಾ ಹೋದರು. ಆ ನೋವನ್ನಾದರೂ ಮರೆತೇನು, ನಡುವಿನ ನಿದ್ದೆಯಿಲ್ಲದ ರಾತ್ರಿಗಳನ್ನು ಮರೆಯಲಾರೆ.

ಹಾಗಾಗಿ ಎರಡರಲ್ಲಿ ಯಾವುದು ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಹೊರಗಿಂದ ಬಂದ ಪ್ರತಿಕಾಯಗಳು ಸುಮಾರು ಮೂರು ವಾರಕ್ಕೆ ಅರ್ಧಕ್ಕಿಳಿಯುತ್ತವೆ, ದೇಹಕ್ಕೆ ಏನೂ ಕಲಿಸದೆ ಹೋಗುತ್ತವೆ. ಹುಟ್ಟುವ ಮೊದಲು ತಾಯಿಯಿಂದ ಮಗುವಿಗೆ ಬರುವ ರಕ್ಷಣೆಯೂ ಹೀಗೇ ಕೆಲವು ತಿಂಗಳಲ್ಲಿ ಕರಗುತ್ತದೆ. ಅದಕ್ಕೇ ಅಲ್ವಾ ಮಕ್ಕಳಿಗೆ ಲಸಿಕೆ ಹಾಕಿಸುವುದು? ನೆನಪಿಟ್ಟುಕೊಳ್ಳುವ ಕೆಲಸ ಲಸಿಕೆಯದ್ದು. ಮೊದಲೇ ರೇಬೀಸ್ ಲಸಿಕೆಯ ಪೂರ್ತಿ ಕೋರ್ಸ್ ಆದವರಿಗೆ ಮತ್ತೆ ನಾಯಿ ಕಚ್ಚಿದರೆ ಲಸಿಕೆ ಮಾತ್ರ ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಕಿಲ್ಲ.

ನಿಮಗೆ ಈ ಲಸಿಕೆ ಇದೇ ಮೊದಲ ಸಲ ಅನ್ನುವುದಾದರೆ, ಅದರ ಮೊದಲ ಡೋಸ್ ಆಗಿ 7 ದಿನ ದಾಟಿಲ್ಲದಿದ್ದರೆ, ಇವತ್ತೇ ಹೋಗಿ ಇಮ್ಯುನೊಗ್ಲಾಬ್ಯುಲಿನ್ ಹಾಕಿಸಿಕೊಳ್ಳಿ. ನಾಳೆ ಅನ್ನಬೇಡಿ. ದಾಟಿದ್ದರೆ ಅದನ್ನು ಕೊಡುವುದಿಲ್ಲ, ಅಷ್ಟರಲ್ಲಿ ನಿಮ್ಮ ದೇಹವೇ ಪ್ರತಿಕಾಯ ತಯಾರಿಸತೊಡಗಿರುತ್ತದೆ. ಆಗಲೂ ಉಳಿದ ಡೋಸ್ ಒಂದನ್ನೂ ತಪ್ಪಿಸಬೇಡಿ.