ಅಂಗಾಲಿನ ಮೆಲನೋಮ ಮಿದುಳನ್ನು ತಲುಪುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರ ಅಂಗಾಲಿನಲ್ಲಿ ಬಹಳ ದಿನಗಳಿಂದ ಒಂದು ಕಪ್ಪು ಮಚ್ಚೆಯಿತ್ತು. ಕಾಫಿ ತೋಟದಲ್ಲಿ ಕಲ್ಲು ತಾಗಿ ರಕ್ತ ಹೆಪ್ಪುಗಟ್ಟಿರಬೇಕೆಂದು ಸುಮ್ಮನಿದ್ದೆವು. ಕಳೆದ ವರ್ಷ ಹಾಸನದಲ್ಲಿ ಬಯಾಪ್ಸಿ ಮಾಡಿದಾಗ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂದು ತಿಳಿದು ಶಸ್ತ್ರಚಿಕಿತ್ಸೆಯೂ ಆಯಿತು. ಈಗ ಎಂಆರ್‌ಐಯಲ್ಲಿ ಮಿದುಳಿನೊಳಗೆ ಎರಡು ಗಂಟುಗಳು ಕಂಡಿವೆ. ಕಾಲಿನ ಕಾಯಿಲೆ ತಲೆಗೆ ಹೋದದ್ದು ಹೇಗೆ? ಮಚ್ಚೆಗೆ ಕತ್ತಿ ತಾಗಿಸಿದ್ದರಿಂದಲೇ ಹರಡಿತು ಎಂದು ಊರಿನವರು ಹೇಳುತ್ತಿದ್ದಾರೆ, ನಿಜವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬಯಾಪ್ಸಿಯಿಂದ ಕಾಯಿಲೆ ಹರಡಿತೆಂಬ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಮಚ್ಚೆ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದನ್ನು ಅವಲಂಬಿಸಿ ಅದು ಹರಡುವ ಸಾಧ್ಯತೆ ಹೆಚ್ಚುತ್ತದೆ. ಆ ಆಳವನ್ನು ಅಳೆಯಲು ಬಯಾಪ್ಸಿಯಲ್ಲದೆ ಬೇರೆ ದಾರಿಯಿಲ್ಲ. ಬಿಳಿಯರಲ್ಲಿ ಮೆಲನೋಮ ಹೆಚ್ಚಾಗಿ ಬಿಸಿಲು ಬೀಳುವ ಚರ್ಮದಲ್ಲಿ ಹುಟ್ಟಿದರೆ, ನಮ್ಮವರಲ್ಲಿ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು. ಅಲ್ಲಿ ಅದನ್ನು ಪೆಟ್ಟಿನ ಕಲೆಯೆಂದೋ ಆಣಿಯೆಂದೋ ಭಾವಿಸುವುದು ತೀರಾ ಸಾಮಾನ್ಯ.

ಆಳಕ್ಕಿಳಿದ ಮಚ್ಚೆಯಿಂದ ಕಳಚಿಕೊಂಡ ಕೆಲವು ಕೋಶಗಳು ದುಗ್ಧನಾಳಗಳ (ಲಿಂಫ್ ದ್ರವ ಸಾಗುವ ನಾಳಗಳ) ಮೂಲಕ ತೊಡೆಸಂದಿನ ಗ್ರಂಥಿಗಳಿಗೆ ಹೋಗುತ್ತವೆ; ಕೆಲವು ರಕ್ತಕ್ಕೆ ಸೇರಿ, ಹೃದಯ ಮತ್ತು ಶ್ವಾಸಕೋಶಗಳನ್ನು ದಾಟಿ, ಮಿದುಳಿಗೆ ರಕ್ತ ಒಯ್ಯುವ ಧಮನಿಗಳನ್ನು ಸೇರುತ್ತವೆ. ಮಿದುಳಿನ ಬೂದು ಭಾಗ ಮತ್ತು ಬಿಳಿ ಭಾಗ ಕೂಡುವಲ್ಲಿ ರಕ್ತನಾಳಗಳು ಬಹಳ ಕಿರಿದಾಗುವುದರಿಂದ ಅವು ಹೆಚ್ಚಾಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಆ ನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು ತಡೆಗೋಡೆಯಾಗಿರುತ್ತವೆ. ಬಂದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಗೋಡೆಯನ್ನು ನುಸುಳಿ ಬದುಕಿಕೊಂಡ ಕೆಲವೇ ಕೋಶಗಳು, ನಮ್ಮ ಕಡೆ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುವಂತೆ, ರಕ್ತನಾಳದ ಹೊರಮೈಯನ್ನೇ ಅಪ್ಪಿಕೊಂಡು ಬೆಳೆಯತೊಡಗುತ್ತವೆ.

ಅಲ್ಲಿಂದ ಮುಂದಿನದು ಇನ್ನೂ ಗಂಭೀರವಾದ ವಿಷಯ. ಮಿದುಳಿಗೆ ಮೈಕ್ರೋಗ್ಲಿಯಾ ಎಂಬ ತನ್ನದೇ ಕಾವಲು ಕೋಶಗಳಿವೆ. ಹೊರಗಿನದನ್ನು ನುಂಗಿಹಾಕುವುದು ಅವುಗಳ ಕೆಲಸ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಿದುಳಿಗೆ ಬಂದ ಮೆಲನೋಮ ಕೋಶಗಳು ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನನ್ನು, ಅಂದರೆ ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಅದೇ ಪ್ರೋಟೀನನ್ನು, ಸ್ರವಿಸಿ ಸುತ್ತಲಿನ ಆಸ್ಟ್ರೋಸೈಟ್ ಎಂಬ ಮಿದುಳಿನ ಪೋಷಕ ಕೋಶಗಳ ವರ್ತನೆಯನ್ನೇ ಬದಲಿಸುತ್ತವೆ; ಆಗ ಮೈಕ್ರೋಗ್ಲಿಯಾ ಮೆಲನೋಮ ಕೋಶಗಳನ್ನು ನುಂಗುವುದಿಲ್ಲ. ಇಲಿಗಳಲ್ಲಿ ಆ ಪ್ರೋಟೀನನ್ನು ತಡೆದಾಗ ಮಿದುಳಿನ ಗಂಟುಗಳ ಬೆಳವಣಿಗೆ ಕುಗ್ಗಿತು. ಇದು ಇನ್ನೂ ರೋಗಿಗಳಿಗೆ ಕೊಡುವ ಚಿಕಿತ್ಸೆಯಾಗಿಲ್ಲ. ಆದರೂ ಕಾಲಿನ ಕೋಶ ಮಿದುಳಿನಲ್ಲಿ ಹೇಗೆ ನೆಲೆಯೂರುತ್ತದೆಂಬ ನಿಮ್ಮ ಪ್ರಶ್ನೆಗೆ ನನಗೆ ತಿಳಿದಂತೆ ಅತ್ಯಂತ ಸ್ಪಷ್ಟವಾದ ಉತ್ತರಗಳಲ್ಲಿ ಇದೊಂದು.

ನಿಮ್ಮ ತಂದೆಯವರ ಮಿದುಳಿನಲ್ಲಿರುವುದು ಹೊಸದಾಗಿ ಹುಟ್ಟಿದ ಮಿದುಳಿನ ಕ್ಯಾನ್ಸರ್ ಅಲ್ಲ, ಅಂಗಾಲಿನಿಂದ ಹೋದ ಮೆಲನೋಮವೇ ಆಗಿರುವ ಸಂಭವ ಹೆಚ್ಚು. ಆದ್ದರಿಂದ ಔಷಧದ ಆಯ್ಕೆಗೆ ಹಳೆಯ ಬಯಾಪ್ಸಿಯೇ ಆಧಾರವಾಗುತ್ತದೆ. ಹಾಸನದ ಪ್ರಯೋಗಾಲಯದಿಂದ ಅದರ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಅಂಗಾಂಶದ ತುಂಡು) ಮತ್ತು ಸ್ಲೈಡುಗಳನ್ನು ಕೇಳಿ ಪಡೆದು, ಬಿಆರ್‌ಎಎಫ್ ಮತ್ತು ಕಿಟ್ ಎಂಬ ಜೀನುಗಳ ಪರೀಕ್ಷೆಯ ಬಗ್ಗೆ (ಯಾವ ಔಷಧ ಹೊಂದಬಹುದೆಂದು ಇದರಿಂದ ತಿಳಿಯುತ್ತದೆ) ಕ್ಯಾನ್ಸರ್ ತಜ್ಞರೊಡನೆ ಮಾತನಾಡಿ. ಗಂಟುಗಳು ಎರಡೇ ಇರುವುದರಿಂದ ಅವುಗಳಿಗಷ್ಟೇ ಗುರಿಯಿಟ್ಟು ವಿಕಿರಣ ಕೊಡಬಹುದೇ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಇಮ್ಯುನೋಥೆರಪಿಗೆ ಅವಕಾಶವಿದೆಯೇ ಎಂದೂ ವಿಚಾರಿಸಿ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮಿದುಳಿನ ಮೆಲನೋಮಕ್ಕೆ ಈ ಎರಡೂ ಚಿಕಿತ್ಸೆಗಳು ನಡೆದವು. ಅವರು 2024ರವರೆಗೆ ಬದುಕಿದ್ದರು. ಎಲ್ಲರಿಗೂ ಹಾಗಾಗುತ್ತದೆಂದು ನಾನು ಭರವಸೆ ಕೊಡಲಾರೆ, ಆದರೆ ಪ್ರಯತ್ನಿಸದೆ ಕೈಬಿಡುವ ಕಾಲ ಇದಲ್ಲ.

ಮೆಲನೋಮದ ಗಂಟುಗಳು ರಕ್ತಸ್ರಾವಕ್ಕೆ ಬೇಗ ಒಳಗಾಗುತ್ತವೆ. ಹಠಾತ್ತನೆ ತೀವ್ರ ತಲೆನೋವು, ವಾಂತಿ, ಫಿಟ್ಸ್, ಅಥವಾ ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಬೆಳಗಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಊತ ಇಳಿಸಲು ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.